ಒಣಗಿದ ಹೂಜಿ ಗಿಡ: ಕಸದ ಬುಟ್ಟಿಗೆ ಎಸೆಯುವ ಮುನ್ನ

ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ತೂಗುಕುಂಡದ ಹೂಜಿ ಗಿಡ (ಎಲೆತುದಿಯ ಹೂಜಿಗಳಲ್ಲಿ ಕೀಟ ಹಿಡಿಯುವ ನೆಪಂಥಿಸ್) ಜೋತುಬಿದ್ದಿರುತ್ತದೆ. ಗಾಬರಿಯಲ್ಲಿ ಒಂದು ಚೊಂಬು ನಲ್ಲಿ ನೀರು ಸುರಿದು, ಮೇಲೊಂದು ಹಿಡಿ ಗೊಬ್ಬರ ಉದುರಿಸಿ, ಬಿಸಿಲಿಗೆ ಇಡುವವರೇ ಹೆಚ್ಚು. ನೀರಿಲ್ಲದೆಯೂ ಉಳಿದಿದ್ದ ಗಿಡ ಈ ಉಪಚಾರಕ್ಕೆ ಸಾಯುತ್ತದೆ.

ಮೊದಲು ಜೀವ ಇದೆಯೇ ನೋಡಿ. ಹೂಜಿಗಳು ಒಣಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೆಂಗಳೂರಿನ ಮಾರ್ಚ್–ಏಪ್ರಿಲ್ ಒಣಹವೆಗೆ ನೀರು ತಪ್ಪದ ಗಿಡದಲ್ಲೂ ಅವು ಒಣಗುತ್ತವೆ. ಕಾಂಡವನ್ನು ಉಗುರಿನಿಂದ ಕೆರೆಯಿರಿ. ತುದಿ ಕಂದಾಗಿದ್ದರೆ ಕೆಳಕ್ಕೆ ಬನ್ನಿ. ಬುಡದಲ್ಲಷ್ಟೇ ಹಸಿರಿದ್ದರೂ ಅಲ್ಲಿಂದ ಹೊಸ ಚಿಗುರು ಬರಬಹುದು.

ನೀರು ಮಳೆಯದೋ ಆರ್‌ಒದೋ ಆಗಿರಬೇಕು. ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿದ ಲವಣ, ಮಿಲಿಗ್ರಾಂಗಳಲ್ಲಿ) 50ರ ಒಳಗಿದ್ದರೆ ಒಳ್ಳೆಯದು, 100 ದಾಟಬಾರದು. ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಗಿಡಗಳಿಗೆ ಹಾಕುವ ಮನೆಗಳಿವೆ. ಇದಕ್ಕೆ ಮಾತ್ರ ಅದನ್ನು ಹಾಕಲೇಬೇಡಿ. ಯಂತ್ರ ಸೋಸಿದ ಲವಣವೆಲ್ಲ ಅದರಲ್ಲೇ ಇರುತ್ತದೆ.

ಜನ ಎಡವುವುದು ನೀರುಣಿಸುವಲ್ಲಿ. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಪೀಟ್ ಪೂರ್ತಿ ಒಣಗಿದರೆ ನೀರನ್ನು ಹೀರುವುದಿಲ್ಲ. ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ಮೇಲೆ ಸುರಿದದ್ದು ಆ ಸಂದಿಯಿಂದ ಜಾರಿ ತಳದಲ್ಲಿ ಸೋರುತ್ತದೆ. ನೀರು ಸೋರಿತು, ಗಿಡ ಕುಡಿಯಿತು ಎಂದುಕೊಳ್ಳುತ್ತೇವೆ. ಬೇರಿನ ಉಂಡೆ ಒಳಗೆ ಒಣಗಿಯೇ ಇರುತ್ತದೆ. ಹಾಗಾಗಿ ಕುಂಡವನ್ನು ಮೊದಲು ಕೈಯಲ್ಲಿ ಎತ್ತಿ ತೂಕ ಅಂದಾಜು ಮಾಡಿಕೊಳ್ಳಿ. ಅಗಲ ಟಬ್ಬಿನಲ್ಲಿ ಕುಂಡದ ಅರ್ಧದಷ್ಟು ಎತ್ತರಕ್ಕೆ ನೀರು ತುಂಬಿ, ಕುಂಡ ಇಳಿಸಿ. ತೇಲಿದರೆ ಕೈಯಿಂದ ಹಿಡಿದುಕೊಳ್ಳಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಿ. ನಡುವೆ ಮೇಲಿನಿಂದಲೂ ಲೋಟದಲ್ಲಿ ನಿಧಾನವಾಗಿ ಹನಿಸಿ. ಮೇಲ್ಮೈ ಕಪ್ಪಗೆ ಒದ್ದೆಯಾಗಿ, ಕುಂಡ ಭಾರವಾದರೆ ಆಯಿತು. ಆಗದಿದ್ದರೆ ಮತ್ತೊಮ್ಮೆ. ಬೇಗ ಹೀರಲೆಂದು ಪಾತ್ರೆ ತೊಳೆಯುವ ಸೋಪಿನ ಹನಿ ಬೆರೆಸುವ ಒಳದಾರಿ ಬೇಡ. ಆಮೇಲೆ ನೀರು ಪೂರ್ತಿ ಬಸಿಯಲಿ. ತಟ್ಟೆಯಲ್ಲಿ ನೀರು ನಿಲ್ಲಿಸಿ ಬೆಳೆಸುವುದು ಅಮೆರಿಕದ ಇನ್ನೊಂದು ಹೂಜಿ ಗಿಡವಾದ ಸರಸೀನಿಯಾಕ್ಕೆ ಸರಿ. ನಮ್ಮ ನರ್ಸರಿಗಳ ನೆಪಂಥಿಸ್‌ಗೆ ಅದೇ ಬೇರು ಕೊಳೆಯಲು ದಾರಿ.

ಬಸಿದ ಗಿಡವನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಮುಚ್ಚಿ, ಬೆಳಕಿರುವ ನೆರಳಿನಲ್ಲಿಡಿ. ಸೊರಗಿದ ಬೇರು ಸಾಕಷ್ಟು ನೀರೆತ್ತಲಾರದು, ಎಲೆಯಿಂದ ಆವಿಯಾಗುವುದನ್ನಾದರೂ ತಡೆಯಬೇಕು. ನೇರ ಬಿಸಿಲು ಬಿದ್ದರೆ ಚೀಲದೊಳಗೆ ಗಿಡ ಬೇಯುತ್ತದೆ. ದಿನಕ್ಕೊಮ್ಮೆ ಹತ್ತು ನಿಮಿಷ ತೆರೆದು ಗಾಳಿಯಾಡಿಸಿ. ಚೇತರಿಸಿಕೊಂಡ ಮೇಲೆ ಥಟ್ಟನೆ ತೆಗೆಯದೆ ಹತ್ತು–ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬಾಯಿ ಅಗಲಿಸುತ್ತ ಬನ್ನಿ. ಗಂಟೆಗೊಮ್ಮೆ ಸ್ಪ್ರೇ ಹೊಡೆಯುವುದರಿಂದ ಕೈನೋವು ಬಿಟ್ಟರೆ ಹೆಚ್ಚೇನೂ ಸಿಗದು.

ಪೂರ್ತಿ ಒಣಗಿದ ಎಲೆ, ಹೂಜಿ ಕತ್ತರಿಸಿ. ಅರ್ಧ ಹಸಿರಿರುವುದನ್ನು ಬಿಡಿ.

ಕುಂಡ ಬದಲಿಸುವ ಆತುರ ಈಗ ಬೇಡ. ಬೇರು ಬಿಡಿಸಿ ನೋಡಿದವರು ಕರ್ರಗಿದೆ, ಕೊಳೆತಿದೆ ಎಂದು ಕತ್ತರಿಸಿಬಿಡುತ್ತಾರೆ. ನೆಪಂಥಿಸ್‌ನ ಆರೋಗ್ಯವಂತ ಬೇರೂ ಕಪ್ಪೇ, ನೂಲಿನಂತೆ ತೆಳ್ಳಗೆ, ಮುಟ್ಟಿದರೆ ಮುರಿಯುವಂಥದ್ದು. ಕೊಳೆತದ್ದಾದರೆ ಹಿಸುಕಿದಾಗ ಲೋಳೆಯಾಗುತ್ತದೆ, ನಾರುತ್ತದೆ. ಎರಡು ಹೊಸ ಎಲೆ ಬಂದ ಮೇಲೆ ಸ್ಫ್ಯಾಗ್ನಂ ಮಾಸ್ (ಒಣ ಪಾಚಿ) ಮತ್ತು ಪರ್ಲೈಟ್ (ಹಗುರ ಬಿಳಿ ಹರಳು) ಸಮಪಾಲು ಬೆರೆಸಿ ನೆಡಿ. ಅಗ್ಗದ ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿರುತ್ತದೆ. ಅದನ್ನೇ ಬಳಸುವುದಾದರೆ ಮೂರ್ನಾಲ್ಕು ಸಲ ನೆನೆಸಿ, ಹಿಂಡಿ. ಕೆಂಪು ಮಣ್ಣು, ಎರೆಗೊಬ್ಬರ ಬೆರೆಸಿದ ‘ಹೂಜಿ ಗಿಡದ ಮಿಶ್ರಣ’ ಮಾರುವವರಿದ್ದಾರೆ, ಕೊಳ್ಳಬೇಡಿ.

ಗಿಡ ಸೊರಗಿದೆಯೆಂದು ಹೂಜಿಗೆ ಕೋಳಿಮಾಂಸದ ಚೂರು ಹಾಕುವುದೂ ತಪ್ಪು, ಅದು ಕೊಳೆತು ಹೂಜಿಯನ್ನೂ ಕೊಳೆಸುತ್ತದೆ. ಹೊಸ ಎಲೆಗಳ ಬಳ್ಳಿತುದಿ ಮೊದಮೊದಲು ಹೂಜಿಯಾಗಿ ಉಬ್ಬದೆ ಕಪ್ಪಾಗಿ ಉದುರಬಹುದು. ಸರಿಯಾದ ಹೂಜಿ ಮೂಡಲು ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೂ ಕುಂಡ ಎತ್ತಿ ನೋಡಿ, ಹಗುರಾಗುತ್ತಿದೆ ಎನಿಸಿದಾಗಷ್ಟೇ ನೀರು.