ಕನ್ನಡದಲ್ಲಿ ಯಾರು ಹುಡುಕ್ತಾರೆ ಅಂದವರಿಗೆ: ಶಿರಸಿಯ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ, ನಾನೇ ಕಟ್ಟಿದ ವೆಬ್‌ಸೈಟ್

ನನ್ನ ಅಂಗಡಿಗೆ ಈಗ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ನಾನೇ ಬರೆದ ಕನ್ನಡ ಪುಟಗಳಿಂದ. ಶುರು ಮಾಡುವಾಗ ಗೊತ್ತಿದ್ದವರೆಲ್ಲ ಕನ್ನಡದಲ್ಲಿ ಯಾರು ಹುಡುಕ್ತಾರೆ, ಬೇಡ ಅಂದಿದ್ದರು. ಬೆಂಗಳೂರಿನಲ್ಲಿ ಎಸ್‌ಇಒ, ಅಂದರೆ ಸೈಟುಗಳನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸ, ಮಾಡುವ ಗೆಳೆಯ ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್ ತೆರೆದೇ ತೋರಿಸಿದ. ಕನ್ನಡ ಪದಗಳ ಮುಂದೆ ಅಂಕಿಯೇ ಇಲ್ಲ, ಬರೀ ಗೆರೆ. ಆದರೆ ತಾಲೂಕಿನ ಅಂಗಡಿಗೆ ಸಾವಿರಾರು ಜನ ಹುಡುಕಬೇಕಾಗಿಲ್ಲ ಅಲ್ವಾ? ದಿನಕ್ಕೆ ಇಬ್ಬರು ಸರಿಯಾದವರು ಫೋನ್ ಮಾಡಿದರೆ ನನ್ನ ಬೆಂಚು ತುಂಬುತ್ತದೆ.

ಮೊದಲು ದುಡ್ಡು ಹೋದ ಕಥೆ. ಬೋರ್ಡಿನ ಮೇಲಿನ ಚಿಪ್ಪುಗಳನ್ನೇ ರಿಪೇರಿ ಮಾಡುವ ಚಿಪ್ ಲೆವೆಲ್ ಕೋರ್ಸಿಗೆ 28 ಸಾವಿರದ ಹತ್ತಿರ ಕೊಟ್ಟೆ. ಅಲ್ಲಿ ಸತ್ತ ಬೋರ್ಡಿನಿಂದ ಚಿಪ್ ಎಬ್ಬಿಸಿ ಕೂರಿಸುವುದನ್ನೇ ಮಾಡಿಸಿದರು, ಫಾಲ್ಟ್ ಎಲ್ಲಿದೆ ಎಂದು ಹುಡುಕುವುದನ್ನು ಯಾರೂ ಹೇಳಿಕೊಡಲಿಲ್ಲ. ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ 35 ಸಾವಿರ. ಅದರಲ್ಲಿ ಬರೀ ಸ್ಲೈಡು. ನಿಜವಾಗಿ ಕಲಿತದ್ದು ರಿಪೇರಿ, ವೆಬ್‌ಸೈಟ್, ಮಾರ್ಕೆಟಿಂಗ್ ಮೂರೂ ಒಂದೇ ಕೆಲಸವಾದ ಮೇಲೆ. ಹಗಲು ಒಂದು ಲ್ಯಾಪ್‌ಟಾಪ್ ಸರಿ ಮಾಡುವುದು, ರಾತ್ರಿ ಅದೇ ತೊಂದರೆಯ ಬಗ್ಗೆ ಒಂದು ಪುಟ ಬರೆಯುವುದು, ತಿಂಗಳ ಕೊನೆಗೆ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ಜನ ಯಾವ ಮಾತಲ್ಲಿ ಹುಡುಕಿದರು ಎಂದು ನೋಡುವುದು. ಇಷ್ಟೇ ವಿಧಾನ.

ನಮ್ಮ ಕಡೆ ಏಪ್ರಿಲ್-ಮೇ ಬಂತೆಂದರೆ ಸಿಡಿಲಿನ ಕೇಸು. ತಾಮ್ರದ ಫೋನ್ ಲೈನ್ ಇದ್ದಾಗ ಮೋಡೆಮ್ ಮೂಲಕ ಸೀದಾ ಒಳಗೆ ಬರುತ್ತಿತ್ತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೂ ರೂಟರಿನ ಅಡಾಪ್ಟರ್ ಕಡೆಯಿಂದ ಬಂದು ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರ್ ತನಕ ಹೋಗುತ್ತದೆ. ಹಳ್ಳಿ ಮನೆಗಳಲ್ಲಿ ಅರ್ಥಿಂಗ್ ಕೂಡ ಅಷ್ಟಕ್ಕಷ್ಟೆ. ಇಂಥ ಬೋರ್ಡು ಪೂರ್ತಿ ಸತ್ತಂತೆ ಕಾಣುತ್ತದೆ, ಪವರ್ ಬಟನ್ ಒತ್ತಿದರೆ ಏನೂ ಇಲ್ಲ. ಬೇರೆ ಕಡೆ ಕೇಳಿದರೆ ಬೋರ್ಡ್ ಬದಲಿಸಿ, 9 ಸಾವಿರ ಅನ್ನುತ್ತಾರೆ. ನಾನು ಮೊದಲು ನೋಡುವುದು ಬೋರ್ಡಿನ ಚಿಪ್ಪುಗಳಿಗೆ ಕರೆಂಟು ಕೊಡುವ 3.3 ವೋಲ್ಟ್ ಲೈನು. ಅದು ಶಾರ್ಟ್ ಇದ್ದರೆ ವೋಲ್ಟೇಜ್ ಹೊಂದಿಸಬಹುದಾದ ಬೆಂಚ್ ಸಪ್ಲೈನಿಂದ 1 ವೋಲ್ಟ್ ಹತ್ತಿರ ಕೊಟ್ಟು ಮೇಲೆ ಐಪಿಎ (ಬೇಗ ಆರುವ ಐಸೋಪ್ರೊಪೈಲ್ ಆಲ್ಕೋಹಾಲ್) ಹಚ್ಚುತ್ತೇನೆ, ಶಾರ್ಟ್ ಆದ ಭಾಗ ಬಿಸಿಯಾಗಿ ಅಲ್ಲಿ ಮೊದಲು ಒಣಗುತ್ತದೆ. ಎಷ್ಟೋ ಸಲ ಮೊದಲು ಒಣಗುವುದು ಲ್ಯಾನ್ ಚಿಪ್ಪಿನ ತಲೆ. ಹಾಟ್ ಏರ್ ಹಿಡಿದು ಆ ಚಿಪ್ ಎಬ್ಬಿಸಿದರೆ ಶಾರ್ಟ್ ಹೋಯಿತು, ಮಷೀನ್ ಆನ್. ಲ್ಯಾನ್ ಬೇಕಾದವರಿಗೆ ಯುಎಸ್‌ಬಿ ಅಡಾಪ್ಟರ್ ಕೊಡುತ್ತೇನೆ. ಎಲ್ಲಾ ಸೇರಿ 1,200ರಿಂದ 1,500.

ಇದನ್ನೇ ಒಂದು ಪುಟ ಮಾಡಿದೆ. ‘ಸಿಡಿಲು ಬಂದ ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ’ ಎಂದೇ ತಲೆಬರಹ. ಮಲ್ಟಿಮೀಟರಿನ ಫೋಟೋ, ತೆಗೆದ ಚಿಪ್ಪಿನ ಫೋಟೋ, ತೆಗೆದುಕೊಂಡ ದುಡ್ಡು, ಎಲ್ಲಾ ಹಾಕಿದೆ. ದುಡ್ಡು ಬರೆಯಬೇಡ ಅಂತ ಪಕ್ಕದ ಅಂಗಡಿಯವರೂ ಹೇಳಿದ್ದರು. ದುಡ್ಡು ಬರೆದದ್ದಕ್ಕೇ ಜನ ಫೋನ್ ಮಾಡುತ್ತಾರೆ, ಚೌಕಾಸಿಯೂ ಕಡಿಮೆ. ಆ ಒಂದು ಪುಟದಿಂದ ಮೊದಲ ಬೇಸಿಗೆಯಲ್ಲೇ ಮೂವತ್ತರ ಹತ್ತಿರ ಮಷೀನ್ ಬಂದವು. ಸಿದ್ದಾಪುರ, ಯಲ್ಲಾಪುರದಿಂದಲೂ ಬಂದರು.

ಸೈಟು ಮೊದಲು ವರ್ಡ್‌ಪ್ರೆಸ್‌ನಲ್ಲಿತ್ತು. ಪೇಜ್ ಬಿಲ್ಡರ್, ಸ್ಲೈಡರ್, ಚಂದದ ಕನ್ನಡ ಫಾಂಟ್, ಎಲ್ಲಾ ಸೇರಿ ಒಂದು ಪುಟ 3 ಎಂಬಿ ದಾಟಿತ್ತು. ಹೋಸ್ಟಿಂಗ್ ಮೊದಲ ವರ್ಷ 1,800, ರಿನ್ಯೂವಲ್‌ಗೆ 5 ಸಾವಿರಕ್ಕೂ ಮೇಲೆ ಕೇಳಿದರು. ತೋಟದ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಅದು ತೆರೆಯುವುದೇ ಇಲ್ಲ. ಎಲ್ಲಾ ಕಿತ್ತು ಹಗುರ ಪುಟಗಳನ್ನು ಮಾಡಿಕೊಡುವ ಹ್ಯೂಗೋಗೆ ಬಂದೆ, ಸೈಟ್ ಇಡಲು ಜಾಗ ಕೊಡುವ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಬಿಟ್ಟಿ ಇಟ್ಟಿದ್ದೇನೆ, ಈಗ ಖರ್ಚು ಡೊಮೈನಿನದು ಮಾತ್ರ, ವರ್ಷಕ್ಕೆ ಏಳೆಂಟು ನೂರು. ವೆಬ್‌ಫಾಂಟ್ ತೆಗೆದೇ ಹಾಕಿದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ಮತ್ಯಾಕೆ ಇಳಿಸುವುದು? ಫೋಟೋ ಎಲ್ಲಾ ಕಡಿಮೆ ಗಾತ್ರದ ವೆಬ್‌ಪಿ ರೂಪದಲ್ಲಿ. ಈಗ ಪುಟ 100 ಕೆಬಿ ಆಸುಪಾಸು.

ಕನ್ನಡದ ಸೈಟಿಗೆ ಮಾತ್ರ ಬರುವ ಕೆಲವು ತಲೆನೋವು ಇವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಯೂನಿಕೋಡಿಗೆ ತಿರುಗಿಸದೆ ಹಾಕಿದರೆ ಗೂಗಲ್‌ಗೆ ಅದು ಕನ್ನಡವೇ ಅಲ್ಲ, ಬರೀ ಚಿಹ್ನೆ. ಪುಟದ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಇಟ್ಟರೆ ವಾಟ್ಸಾಪಿಗೆ ಕಾಪಿ ಮಾಡಿದಾಗ ಎರಡು ಸಾಲು ಪರ್ಸೆಂಟ್ ಚಿಹ್ನೆ ಬರುತ್ತದೆ, ಜನ ಅದನ್ನು ವೈರಸ್ ಅಂದುಕೊಂಡು ಒತ್ತುವುದಿಲ್ಲ. ಹಾಗಾಗಿ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಇನ್ನೊಂದು, ‘ಲ್ಯಾಪ್‌ಟಾಪ್’ ಅಂತಲೂ ಬರೆಯುತ್ತಾರೆ, ‘ಲ್ಯಾಪ್ಟಾಪ್’ ಅಂತಲೂ ಬರೆಯುತ್ತಾರೆ, ಎರಡೂ ಪುಟದಲ್ಲಿ ಇರಬೇಕು. ಎಲ್ಲಕ್ಕಿಂತ ಜಾಸ್ತಿ ಜನ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡದಲ್ಲಿ. ಅದನ್ನು ಪುಟದಲ್ಲಿ ಎಲ್ಲಿ, ಹೇಗೆ ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು. ನಿಮ್ಮ ಸರ್ಚ್ ಕನ್ಸೋಲ್ ಸಾಲುಗಳನ್ನು ಒಂದು ತಿಂಗಳು ಓದಿ, ಹೊಳೆಯುತ್ತದೆ.

ಜಾಹೀರಾತಿಗೆ ಸುಮಾರು 11 ಸಾವಿರ ಸುರಿದೆ. ಸೋಶಿಯಲ್ ಮೀಡಿಯಾ ಪೋಸ್ಟಿನ ಬೂಸ್ಟ್ ಬಟನ್ ಒತ್ತಿದ್ದಕ್ಕೆ ಲೈಕ್ ಬಂದವು, ಮಷೀನ್ ಬರಲಿಲ್ಲ. ಗೂಗಲ್ ಸರ್ಚ್ ಜಾಹೀರಾತಿನಲ್ಲಿ ಲೊಕೇಶನ್ ಸೆಟ್ಟಿಂಗ್ ಮೊದಲಿಂದಲೇ ಆ ಊರಿನಲ್ಲಿ ಇರುವವರಿಗೆ ಮಾತ್ರವಲ್ಲ, ಊರಿನ ಬಗ್ಗೆ ಆಸಕ್ತಿ ಇರುವವರಿಗೂ ತೋರಿಸುವಂತೆ ಇರುತ್ತದೆ. ಸಹಸ್ರಲಿಂಗ, ಯಾಣ ನೋಡಲು ಬರುವ ಬೆಂಗಳೂರಿನವರೆಲ್ಲ ನನ್ನ ಜಾಹೀರಾತು ನೋಡಿದರು! ಅದನ್ನು ಬದಲಿಸಿದ ಮೇಲೆ ಸ್ವಲ್ಪ ಸುಧಾರಿಸಿತು, ಆದರೂ ಒಂದು ಫೋನ್ ಕಾಲಿಗೆ 150 ಬೀಳುತ್ತಿತ್ತು. ನಿಲ್ಲಿಸಿದೆ. ಆ ಹೊತ್ತನ್ನು ಮ್ಯಾಪಿನಲ್ಲಿ ಅಂಗಡಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲಿಗೆ ಹಾಕಿದೆ. ಮಷೀನ್ ಕೊಡುವಾಗ ಕವರಿನ ಮೇಲೆ ರಿವ್ಯೂ ಬರೆಯುವ ಕ್ಯೂಆರ್ ಅಂಟಿಸಿ, ‘ಏನು ಹಾಳಾಗಿತ್ತು ಅಂತ ಕನ್ನಡದಲ್ಲೇ ಬರೀರಿ’ ಅನ್ನುತ್ತೇನೆ. ಅದಕ್ಕೆ ರಿಯಾಯಿತಿ ಗಿಯಾಯಿತಿ ಇಲ್ಲ. ಮ್ಯಾಪಿನಲ್ಲಿ ಮೇಲೆ ಬಂದದ್ದು ಹೀಗೆ.

ಮಳೆಗಾಲದ ಒಂದು ಪ್ರಯೋಗ ಹೇಳಲೇಬೇಕು. ಜುಲೈನಲ್ಲಿ ತೊಳೆದ ಬೋರ್ಡು ಒಣಗುವುದೇ ಇಲ್ಲ. ಮನೆಯ ಅಡಿಕೆ ಡ್ರೈಯರಿನಲ್ಲಿ ಇಟ್ಟು ನೋಡಿದೆ. ಸೌದೆ ಬೆಂಕಿಯ ಬಿಸಿ ಒಂದೇ ಸಮ ಇರುವುದಿಲ್ಲ, ಒಂದು ಕೀಬೋರ್ಡ್ ಸೊಟ್ಟಗಾಯಿತು, ಬೋರ್ಡಿಗೆ ಹೊಗೆ ಹಿಡಿಯಿತು. ಆಮೇಲೆ ಪ್ಲೈವುಡ್ ಡಬ್ಬಿ, 60 ವ್ಯಾಟಿನ ಹಳೇ ಬಲ್ಬು, ಹಾಳಾದ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ) ತೆಗೆದ ಫ್ಯಾನು, 400 ರೂಪಾಯಿಯ ಥರ್ಮೋಸ್ಟಾಟ್. 50 ಡಿಗ್ರಿಗೆ ಇಟ್ಟು ರಾತ್ರಿ ಬಿಟ್ಟರೆ ಬೆಳಿಗ್ಗೆ ರೆಡಿ. ಈ ಡಬ್ಬಿಯ ರೀಲು 40 ಸಾವಿರ ಜನ ನೋಡಿದರು. ಶಿರಸಿಯಿಂದ ಅದಕ್ಕೆ ಒಬ್ಬ ಗಿರಾಕಿ ಬರಲಿಲ್ಲ, ಆದರೆ ಬೇರೆ ಜಿಲ್ಲೆಯ ಮೂರ್ನಾಲ್ಕು ರಿಪೇರಿಯವರು ಈಗ ಸ್ಪೀಡ್ ಪೋಸ್ಟಿನಲ್ಲಿ ಬೋರ್ಡು ಕಳಿಸುತ್ತಾರೆ.

ಹಳೇ ಲ್ಯಾಪ್‌ಟಾಪ್ ಮಾರಾಟವನ್ನೂ ಸೈಟಿನಲ್ಲೇ ಮಾಡುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಲಾಟ್ ತರುತ್ತೇನೆ, ಯಾರ ಹತ್ತಿರ ಅನ್ನುವುದು ನನಗಿರಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಹಾಗಾಗಿ ಆರು-ಏಳನೇ ಜನರೇಶನ್ ಮಷೀನ್ ನನಗೆ ಅಗ್ಗಕ್ಕೆ ಸಿಕ್ಕವು. ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ಕೊಟ್ಟೆ. ಕಾಲೇಜು ಹುಡುಗರು ಖುಷಿಯಾಗಿದ್ದಾರೆ. ಆಫೀಸಿನವರು ನುಡಿ ಇಲ್ಲ, ಡಿಜಿಟಲ್ ಸಹಿಯ ಟೋಕನ್ ನಡೆಯುವುದಿಲ್ಲ ಎಂದು ವಾಪಸ್ ತಂದರು, ಅವರಿಗೆ ಈಗ ಎಂಟನೆಯದನ್ನೇ ಕೊಡುವುದು. ಒಂದು ಮಷೀನಿಗೆ ಎರಡೂವರೆ ಸಾವಿರ ಉಳಿಯುತ್ತಿತ್ತು, ರ‍್ಯಾಮ್ ಬೆಲೆ ಏರಿದ ಮೇಲೆ 1,500 ಉಳಿದರೆ ಹೆಚ್ಚು.

ಒಟ್ಟು ಲೆಕ್ಕ ಹೇಳುವುದಾದರೆ, ಟೂಲ್ಸಿಗೆ ಮೊದಲು 20 ಸಾವಿರದ ಒಳಗೆ ಹಾಕಿದ್ದೆ. ಈಗ ಬಾಡಿಗೆ, ಕರೆಂಟು ಕಳೆದು ತಿಂಗಳಿಗೆ 35 ಸಾವಿರದ ಸುತ್ತ ಉಳಿಯುತ್ತದೆ, ಸಿಡಿಲಿನ ತಿಂಗಳಲ್ಲಿ 50 ದಾಟುತ್ತದೆ. ಆ ಎಸ್‌ಇಒ ಗೆಳೆಯ ಕಳೆದ ಜಾತ್ರೆಗೆ ಬಂದವನು ನನ್ನ ಸರ್ಚ್ ಕನ್ಸೋಲ್ ನೋಡಿ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋದ. ಈಗ ಕುಮಟಾ, ಹೊನ್ನಾವರದ ಕಡೆಗೆ ಪುಟ ಬರೆಯುತ್ತಿದ್ದೇನೆ. ಅಲ್ಲಿ ಸಿಡಿಲಿಗಿಂತ ಉಪ್ಪುಗಾಳಿಯ ತುಕ್ಕು ಜಾಸ್ತಿ, ಚಾರ್ಜಿಂಗ್ ಜಾಕ್ ಮತ್ತು ಕೀಬೋರ್ಡ್ ಕನೆಕ್ಟರ್ ಮೊದಲು ಹೋಗುತ್ತವೆ. ನಾಲ್ಕು ಪುಟ ಆಗಿದೆ, ಇನ್ನೂ ಫೋನ್ ಶುರುವಾಗಿಲ್ಲ. ಶಿರಸಿಯ ಪುಟಗಳಿಗೂ ಐದಾರು ತಿಂಗಳು ಹಿಡಿದಿತ್ತು.