ಜಂಕ್ಷನ್ ಸುಧಾರಣೆಗೆ ಗುತ್ತಿಗೆ ಕೊಡುವುದು ಹೇಗೆ?

ಬೆಂಗಳೂರಿನಲ್ಲಿ ಜಂಕ್ಷನ್ ಸುಧಾರಣೆ ಎಂದೊಡನೆ ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್‌ನ ಮೇಲ್ಸೇತುವೆಗಳು ನೆನಪಾಗುತ್ತವೆ. ಆದರೆ ನಗರದ ಬಹುಪಾಲು ಜಂಕ್ಷನ್‌ಗಳಿಗೆ ಬೇಕಿರುವುದು ಅಷ್ಟು ದೊಡ್ಡ ಕಾಮಗಾರಿಯಲ್ಲ. ಮೂಲೆಯ ತಿರುವನ್ನು ಸರಿಪಡಿಸುವುದು, ರಸ್ತೆ ವಿಭಜಕವನ್ನು ಸರಿಸುವುದು, ದಾಟುವವರು ನಡುವೆ ನಿಲ್ಲಲು ದ್ವೀಪ ಕಟ್ಟುವುದು, ಬಸ್ ತಂಗುದಾಣವನ್ನು ಸಿಗ್ನಲ್‌ನಿಂದ ದೂರ ಒಯ್ಯುವುದು, ಮಳೆನೀರು ನಿಲ್ಲದಂತೆ ಮಾಡುವುದು ಮುಂತಾದ ನೆಲಮಟ್ಟದ ಕೆಲಸಗಳೇ ಸಾಕು. ಬಿಬಿಎಂಪಿ ಇದ್ದಾಗ 75 ಜಂಕ್ಷನ್‌ಗಳನ್ನು ಹೀಗೆ ಅಭಿವೃದ್ಧಿಪಡಿಸುವ ಯೋಜನೆ ಹಾಕಿಕೊಂಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಆಡಳಿತ ಬದಲಾದರೂ ಕೆಲಸ ಕೊಡುವ ದಾರಿ ಹಳೆಯದೇ ಆಗಿದ್ದು, 1999ರ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ) ಕಾಯ್ದೆಯ ಪ್ರಕಾರ ಟೆಂಡರ್ ಕರೆದು ಗುತ್ತಿಗೆದಾರರನ್ನು ಆರಿಸಬೇಕಾಗುತ್ತದೆ.

ಗುತ್ತಿಗೆದಾರರು ಕಟ್ಟುವುದು ಟೆಂಡರ್ ದಾಖಲೆಯಲ್ಲಿ ಬರೆದಿರುವುದನ್ನು ಮಾತ್ರ. ಅಲ್ಲಿ ಬರೆಯದೇ ಬಿಟ್ಟದ್ದು ಒಂದೋ ಆಗುವುದೇ ಇಲ್ಲ, ಇಲ್ಲವೇ ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಹೆಚ್ಚಿನ ಹಣಕ್ಕೆ ಆಗುತ್ತದೆ. ಆದ್ದರಿಂದ ಇಲ್ಲಿ ಹೇಳಬೇಕಾದ ಮಾತಿನ ಹೆಚ್ಚು ಪಾಲು ಗುತ್ತಿಗೆದಾರರು ಸ್ಥಳಕ್ಕೆ ಬರುವುದಕ್ಕಿಂತ ಹಿಂದಿನ ಹಂತಗಳಿಗೆ ಸೇರಿದ್ದು.

ಹಂತ 1: ಎಣಿಸುವುದು

ಜಂಕ್ಷನ್‌ನಲ್ಲಿ ದಟ್ಟಣೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಯಾವ ದಿಕ್ಕಿನಿಂದ ಬಂದ ವಾಹನ ಯಾವ ದಿಕ್ಕಿಗೆ ತಿರುಗುವುದರಿಂದ ಅದು ಹುಟ್ಟುತ್ತದೆ ಎಂಬುದು ಮಾತ್ರ ಎಣಿಸದೆ ತಿಳಿಯುವುದಿಲ್ಲ. ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಅವಧಿಯಲ್ಲಿ ಪ್ರತಿಯೊಂದು ರಸ್ತೆಯಿಂದ ನೇರ, ಎಡ, ಬಲಕ್ಕೆ ಹೋಗುವ ವಾಹನಗಳನ್ನು ಬಗೆಬಗೆಯಾಗಿ ವಿಂಗಡಿಸಿ ದಾಖಲಿಸಬೇಕು. ಬಳಿಕ ಅವುಗಳನ್ನು ಕಾರಿನ ಸಮಾನಕ್ಕೆ, ಅಂದರೆ ಪಿಸಿಯು ಲೆಕ್ಕಕ್ಕೆ ತರಬೇಕು. ನಗರ ರಸ್ತೆಗಳ ಸಾಮರ್ಥ್ಯ ಕುರಿತ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿ (ಐಆರ್‌ಸಿ 106) ಕಾರಿಗೆ 1 ಎಂದಿಟ್ಟುಕೊಂಡು, ಸಂಚಾರದಲ್ಲಿ ಆಯಾ ವಾಹನದ ಪಾಲು ಶೇ 10 ಅಥವಾ ಹೆಚ್ಚಿದ್ದಾಗ ದ್ವಿಚಕ್ರ ವಾಹನಕ್ಕೆ 0.75, ಆಟೊಗೆ 2, ಬಸ್ಸಿಗೆ 3.7 ಎಂದು ಅಂಕ ಕೊಡುತ್ತದೆ. ಒಂದು ಬಸ್ಸಿನಲ್ಲಿ ಐವತ್ತು ಮಂದಿ ಇರಬಹುದು ಎಂಬುದು ಈ ಅಂಕದಲ್ಲಿ ಕಾಣುವುದಿಲ್ಲ. ಆದ್ದರಿಂದ ವಾಹನಗಳ ಜೊತೆಗೆ ಪ್ರಯಾಣಿಕರನ್ನೂ ರಸ್ತೆ ದಾಟುವ ಪಾದಚಾರಿಗಳನ್ನೂ ಎಣಿಸಿದ್ದಾರೆಯೇ ಎಂದು ನೋಡಬೇಕು. ಪಾದಚಾರಿಗಳ ಕಾಲಂ ಖಾಲಿ ಬಿಟ್ಟಿರುವ ಸಮೀಕ್ಷೆಯಿಂದ ಹುಟ್ಟುವ ವಿನ್ಯಾಸದಲ್ಲಿ ಪಾದಚಾರಿಗಳಿಗೆ ಜಾಗವಿರುವುದು ಅಪರೂಪ.

ಹಂತ 2: ವಿನ್ಯಾಸ, ಮತ್ತು ಯಾರ ಸಿಗ್ನಲ್ ಎಂಬ ಪ್ರಶ್ನೆ

ಎಣಿಕೆ ಕೈಗೆ ಬಂದ ಮೇಲೆ ಸಲಹಾ ಸಂಸ್ಥೆಯೊಂದು ನಕ್ಷೆ ಮತ್ತು ವಿವರವಾದ ಯೋಜನಾ ವರದಿಯನ್ನು (ಡಿಪಿಆರ್) ಸಿದ್ಧಪಡಿಸುತ್ತದೆ. ರಸ್ತೆಯನ್ನು ಅಗಲ ಮಾಡುವುದೊಂದೇ ಉಪಾಯ ಎಂದು ಹೊರಟ ವರದಿಯನ್ನು ನಾನಂತೂ ಸಂಶಯದಿಂದಲೇ ಓದುತ್ತೇನೆ. ಸಿಗ್ನಲ್ ಒಂದು ಸರದಿಯಿಂದ ಇನ್ನೊಂದಕ್ಕೆ ಬದಲಾಗುವಾಗಲೆಲ್ಲ ಕೆಲವು ಸೆಕೆಂಡ್ ಯಾವ ವಾಹನವೂ ಚಲಿಸದೆ ವ್ಯರ್ಥವಾಗುತ್ತದೆ. ನಾಲ್ಕು ಸರದಿಯ ಸಿಗ್ನಲ್‌ನಲ್ಲಿ ಒಂದು ಬಲ ತಿರುವನ್ನು ಮುಂದಿನ ಯೂ ಟರ್ನ್‌ಗೆ ಕಳುಹಿಸಿ ಮೂರು ಸರದಿ ಮಾಡಿದರೆ, ಒಂದಿಂಚೂ ಜಾಗ ಸೇರಿಸದೆ ಉಳಿದ ದಿಕ್ಕುಗಳಿಗೆ ಹೆಚ್ಚು ಹಸಿರು ಸಿಗುತ್ತದೆ. ಎಡ ತಿರುವಿನ ಮೂಲೆಯನ್ನು ಬಹಳ ದುಂಡಗೆ ಮಾಡಿದರೆ ವಾಹನಗಳು ವೇಗ ತಗ್ಗಿಸದೆ ತಿರುಗುತ್ತವೆ, ದಾಟುವವರ ದಾರಿಯೂ ಉದ್ದವಾಗುತ್ತದೆ. ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಎಂದು ಐಆರ್‌ಸಿ 103 ಹೇಳುತ್ತದೆ. ಈ ಎರಡು ಅಳತೆಗಳು ನಕ್ಷೆಯಲ್ಲಿ ಬರೆದಿವೆಯೇ ಎಂದು ನೋಡಲು ಎಂಜಿನಿಯರ್ ಆಗಬೇಕಿಲ್ಲ.

ರಸ್ತೆ ಪಾಲಿಕೆಯದು, ಸಿಗ್ನಲ್ ಸಂಚಾರ ಪೊಲೀಸರದು. ವಾಹನಗಳ ಸಂಖ್ಯೆ ನೋಡಿ ತಾನೇ ಸಮಯ ಹಂಚುವ ಹೊಂದಾಣಿಕೆಯ ಸಿಗ್ನಲ್‌ಗಳನ್ನು ಬೆಂಗಳೂರಿನಲ್ಲಿ ಪೊಲೀಸ್ ಇಲಾಖೆಯೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ತಂತ್ರಾಂಶ ಬಳಸಿ ಅಳವಡಿಸಿದೆ. ಆದ್ದರಿಂದ ಸಿಗ್ನಲ್ ಕಂಬ, ಕೇಬಲ್ ಕೊಳವೆ, ಕ್ಯಾಮೆರಾ ಇವುಗಳನ್ನು ಸರಿಸುವ ಹೊಣೆ ಸಿವಿಲ್ ಗುತ್ತಿಗೆದಾರರದೋ ಪೊಲೀಸರು ನೇಮಿಸಿದ ಸಂಸ್ಥೆಯದೋ ಎಂಬುದು ಟೆಂಡರ್‌ಗೆ ಮೊದಲೇ ಲಿಖಿತವಾಗಿ ತೀರ್ಮಾನವಾಗಬೇಕು. ಹಾಗಾಗದಿದ್ದರೆ ಹೊಸ ದ್ವೀಪದ ಕಾಂಕ್ರೀಟ್ ಒಣಗುವ ಮುನ್ನವೇ ಕೇಬಲ್‌ಗಾಗಿ ಅದನ್ನು ಒಡೆಯಬೇಕಾಗುತ್ತದೆ.

ಹಂತ 3: ನೆಲದಡಿ ಏನಿದೆ?

ಜಂಕ್ಷನ್ ಕಾಮಗಾರಿಗಳು ವಿಳಂಬವಾಗುವುದು ಬಹುತೇಕ ಇಲ್ಲಿಯೇ. ನಾಲ್ಕು ರಸ್ತೆ ಕೂಡುವಲ್ಲಿ ಜಲಮಂಡಳಿಯ ಕುಡಿಯುವ ನೀರಿನ ಮತ್ತು ಒಳಚರಂಡಿ ಕೊಳವೆಗಳು, ಬೆಸ್ಕಾಂ ಕೇಬಲ್‌ಗಳು, ಗ್ಯಾಸ್ ಕೊಳವೆ, ದೂರಸಂಪರ್ಕ ಕಂಪನಿಗಳ ಆಪ್ಟಿಕಲ್ ಫೈಬರ್ ಕೇಬಲ್ (ಓಎಫ್‌ಸಿ) ಎಲ್ಲವೂ ಒಂದರ ಮೇಲೊಂದು ಹಾದುಹೋಗಿರುತ್ತವೆ. ಇಲಾಖೆಗಳ ಬಳಿ ಇರುವ ಹಳೆಯ ನಕ್ಷೆಗಳು ನೆಲದಡಿಯ ಸ್ಥಿತಿಗೆ ಹೊಂದದಿರಬಹುದಾದ್ದರಿಂದ ನೆಲಭೇದಿ ರಾಡಾರ್ ಸಮೀಕ್ಷೆ ನಡೆಸಬೇಕು. ಅದು ತೋರಿಸಿದ್ದನ್ನು ಅಲ್ಲಲ್ಲಿ ಪರೀಕ್ಷಾ ಗುಂಡಿ ತೋಡಿ ಖಚಿತಪಡಿಸಿಕೊಳ್ಳಬೇಕು. ಕೊಳವೆ ಸ್ಥಳಾಂತರಕ್ಕೆ ತಗಲುವ ಹಣವನ್ನು ಪಾಲಿಕೆಯು ಸಂಬಂಧಪಟ್ಟ ಸಂಸ್ಥೆಗೆ ಠೇವಣಿಯಾಗಿ ಕಟ್ಟುವುದು ರೂಢಿ. ಈ ಹಣ ಕಟ್ಟುವುದು ತಡವಾದರೆ ಗುತ್ತಿಗೆದಾರರು ಯಂತ್ರಗಳನ್ನು ತಂದಿಟ್ಟುಕೊಂಡು ಕಾಯುತ್ತಾರೆ, ಅವಧಿ ವಿಸ್ತರಣೆ ಕೇಳುತ್ತಾರೆ. ಕೇಳಿದರೆ ತಪ್ಪೂ ಇಲ್ಲ, ಏಕೆಂದರೆ ತೊಡಕು ಅವರಿಂದಾದದ್ದಲ್ಲ.

ಮರಗಳ ವಿಷಯವೂ ಇದೇ ಹಂತಕ್ಕೆ ಸೇರಿದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರಗಳ ಸಂಖ್ಯೆ 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಲಿಸಬೇಕು. ಖಾಸಗಿ ಜಾಗ ಬೇಕಿದ್ದರೆ ಅದರ ಸ್ವಾಧೀನ ಮುಗಿಯುವವರೆಗೆ ಟೆಂಡರ್ ಕರೆಯದಿರುವುದೇ ಒಳಿತು. 2017ರಲ್ಲಿ ಕೆಲಸ ಆರಂಭವಾದ ಈಜೀಪುರದ ಎತ್ತರಿಸಿದ ರಸ್ತೆಯ ಮೊದಲ ಗುತ್ತಿಗೆ 2022ರಲ್ಲಿ ರದ್ದಾಗಿ, ಉಳಿದ ಕೆಲಸವನ್ನು ಮರುವರ್ಷ ಬೇರೆಯವರಿಗೆ ವಹಿಸಬೇಕಾಯಿತು. ನಡುವಿನ ಕಾಲವೆಲ್ಲ ಕಂಬಗಳ ಕೆಳಗೆ ತೆವಳಿದ್ದು ಕೋರಮಂಗಲದ ಸಂಚಾರ.

ಹಂತ 4: ಅಂದಾಜು ಪಟ್ಟಿ

ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು (ಎಸ್‌ಆರ್) ಆಧರಿಸಿ ಪ್ರತಿಯೊಂದು ಬಾಬ್ತಿನ ಪ್ರಮಾಣ ಮತ್ತು ದರ ನಮೂದಿಸುವ ಪಟ್ಟಿಗೆ ಕಚೇರಿಗಳಲ್ಲಿ ಬಿಒಕ್ಯು ಎನ್ನುತ್ತಾರೆ. ಅಗೆತ ಇಷ್ಟು ಘನ ಮೀಟರ್, ಅಂಚಿನ ಕಲ್ಲು ಇಷ್ಟು ಮೀಟರ್, ಡಾಂಬರು ಇಷ್ಟು ಎಂದು ಬರೆಯುವಾಗ ಸಣ್ಣ ಬಾಬ್ತುಗಳು ತಪ್ಪಿಹೋಗುವ ಸಂಭವ ಹೆಚ್ಚು. ದೃಷ್ಟಿದೋಷವುಳ್ಳವರಿಗೆ ಬೇಕಾದ ಉಬ್ಬುಗೆರೆಯ ಟೈಲ್ಸ್, ಗಾಲಿಕುರ್ಚಿಗೆ ಇಳಿಜಾರು, ರಸ್ತೆಯ ಮೇಲಿನ ಬಣ್ಣದ ಗುರುತು, ಸೂಚನಾ ಫಲಕ, ಕಾಮಗಾರಿ ವೇಳೆಯ ತಡೆಗೋಡೆ ಮತ್ತು ಮಿನುಗುದೀಪ, ಅಗೆದ ಮಣ್ಣಿನ ಸಾಗಣೆ ಇವೆಲ್ಲ ಪ್ರತ್ಯೇಕ ಬಾಬ್ತುಗಳಾಗಿ ಇರಲೇಬೇಕು. ಕಾಮಗಾರಿ ಗುತ್ತಿಗೆಗೆ ಈಗ ಬೀಳುವ ಶೇ 18ರ ಜಿಎಸ್‌ಟಿ ಮತ್ತು ಕಾರ್ಮಿಕ ಕಲ್ಯಾಣಕ್ಕೆ ಹೋಗುವ ಶೇ 1ರ ಸೆಸ್ ದರದಲ್ಲಿ ಸೇರಿವೆಯೋ ಪ್ರತ್ಯೇಕವೋ ಎಂಬುದನ್ನೂ ಸ್ಪಷ್ಟಪಡಿಸಬೇಕು. ಪಟ್ಟಿಗೆ ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿ ಎರಡೂ ದೊರೆತ ಬಳಿಕವೇ ಟೆಂಡರ್.

ಒಂದೇ ಜಂಕ್ಷನ್‌ನ ಕೆಲಸವನ್ನು ಚರಂಡಿಗೊಬ್ಬರು, ಪಾದಚಾರಿ ಮಾರ್ಗಕ್ಕೊಬ್ಬರು, ಡಾಂಬರಿಗೊಬ್ಬರು ಎಂದು ಹರಿದು ಹಂಚುವ ತುಂಡು ಗುತ್ತಿಗೆಯ ಪದ್ಧತಿಯನ್ನು ಇಲ್ಲಿ ಕೈಬಿಡಬೇಕು. ಹಾಗೆ ಹಂಚಿದ ಕೆಲಸದಲ್ಲಿ ನೀರು ನಿಂತರೆ ಯಾರೂ ಹೊಣೆ ಹೊರುವುದಿಲ್ಲ. ಅದೇ ರೀತಿ ನಗರದ ನಾಲ್ಕು ಮೂಲೆಗಳ ಹತ್ತಾರು ಜಂಕ್ಷನ್‌ಗಳನ್ನು ಒಂದೇ ಪ್ಯಾಕೇಜ್ ಮಾಡಿದರೆ ದೊಡ್ಡ ಕಂಪನಿಗಳಷ್ಟೇ ಬರುತ್ತವೆ, ಸ್ಪರ್ಧೆ ಕುಗ್ಗುತ್ತದೆ. ಒಂದೇ ರಸ್ತೆಯ ಮೇಲಿರುವ ಕೆಲವು ಜಂಕ್ಷನ್‌ಗಳಿಗೆ ಒಂದು ಗುತ್ತಿಗೆ ಎಂಬುದು ನಡುವಿನ ದಾರಿ.

ಹಂತ 5: ಯಾರು ಅರ್ಹರು?

ರಾಜ್ಯದಲ್ಲಿ ದೊಡ್ಡ ಸಿವಿಲ್ ಕಾಮಗಾರಿಗಳಿಗೆ ಕೆಡಬ್ಲ್ಯು-4 ಎಂಬ ಸಿದ್ಧ ಟೆಂಡರ್ ದಾಖಲೆ ಬಳಕೆಯಲ್ಲಿದೆ. ವಾರ್ಷಿಕ ವಹಿವಾಟು, ಅದೇ ಬಗೆಯ ಕೆಲಸ ಮಾಡಿದ ಅನುಭವ, ಯಂತ್ರೋಪಕರಣ, ತಾಂತ್ರಿಕ ಸಿಬ್ಬಂದಿ ಎಲ್ಲವನ್ನೂ ಅದು ಕೇಳುತ್ತದೆ. ಅದರಲ್ಲಿ ಓದುಗರು ಗಮನಿಸಬೇಕಾದದ್ದು ಟೆಂಡರ್ ಸಾಮರ್ಥ್ಯದ ಲೆಕ್ಕ. ಗುತ್ತಿಗೆದಾರರು ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯವನ್ನು ಈ ಕಾಮಗಾರಿಗೆ ನಿಗದಿಯಾದ ವರ್ಷಗಳಿಂದಲೂ 1.5ರಿಂದಲೂ ಗುಣಿಸಿ, ಅದೇ ಅವಧಿಯಲ್ಲಿ ಮುಗಿಸಬೇಕಾದ ಇತರ ಕೆಲಸಗಳ ಮೌಲ್ಯವನ್ನು ಕಳೆಯಬೇಕು. ಉದಾಹರಣೆಗೆ ಗರಿಷ್ಠ ಕೆಲಸ ₹8 ಕೋಟಿ, ಅವಧಿ ಒಂಬತ್ತು ತಿಂಗಳು, ಕೈಯಲ್ಲಿರುವ ಕೆಲಸ ₹3 ಕೋಟಿ ಎಂದಿಟ್ಟುಕೊಂಡರೆ, 8 × 0.75 × 1.5 ಎಂದರೆ 9. ಅದರಲ್ಲಿ 3 ಕಳೆದರೆ ಉಳಿಯುವುದು ₹6 ಕೋಟಿ. ಇವರು ₹5 ಕೋಟಿಯ ಜಂಕ್ಷನ್ ಕೆಲಸಕ್ಕೆ ಅರ್ಹರು, ಆದರೆ ಜೊತೆಯಲ್ಲೇ ಅಂಥದ್ದೇ ಇನ್ನೊಂದಕ್ಕೆ ಅಲ್ಲ. ಕೈಯಲ್ಲಿರುವ ಕೆಲಸಗಳನ್ನು ಮುಚ್ಚಿಟ್ಟರೆ ಈ ಲೆಕ್ಕವೇ ಸುಳ್ಳಾಗುವುದರಿಂದ ಇತರ ಇಲಾಖೆಗಳೊಂದಿಗೆ ತಾಳೆ ನೋಡಬೇಕು.

ಅನುಭವದ ಷರತ್ತನ್ನು ಹೇಗೆ ಬರೆಯುತ್ತಾರೆ ಎಂಬುದೂ ಮುಖ್ಯ. ಬರೀ ಡಾಂಬರು ಹಾಕಿದ ಅನುಭವ ಸಾಕು ಎಂದರೆ ಸಂಚಾರ ನಡೆಯುತ್ತಿರುವಾಗಲೇ ಕೊಳವೆ ಸರಿಸುತ್ತಾ ಕೆಲಸ ಮಾಡಿ ಗೊತ್ತಿಲ್ಲದವರು ಒಳಬರುತ್ತಾರೆ. ಷರತ್ತುಗಳನ್ನು ಒಬ್ಬರ ಅಳತೆಗೆ ಹೊಲಿದರೆ ಉಳಿದವರು ಹೊರಗುಳಿಯುತ್ತಾರೆ.

ಹಂತ 6: ಪ್ರಕಟಣೆ, ತೆರೆಯುವುದು, ಒಪ್ಪುವುದು

ಇದು ಮೇಲ್ನೋಟಕ್ಕೆ ದೊಡ್ಡದಾಗಿ ಕಂಡರೂ ಹೆಚ್ಚಾಗಿ ಯಾಂತ್ರಿಕವಾದ ಹಂತ. ಟೆಂಡರ್ ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್ ಕೆಪಿಪಿಪಿಯಲ್ಲಿ ಪ್ರಕಟವಾಗುತ್ತದೆ. ಬಿಡ್ ಸಲ್ಲಿಸಲು ₹2 ಕೋಟಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೂ ದೊಡ್ಡದಕ್ಕೆ 60 ದಿನ ಎಂದು ಕೆಟಿಪಿಪಿ ಕಾಯ್ದೆಯಡಿಯ 2000ದ ಮೂಲ ನಿಯಮಗಳು ಗೊತ್ತುಪಡಿಸಿದ್ದವು. ಅವಧಿ ಕಡಿತಗೊಳಿಸಿದರೆ ಅದಕ್ಕೆ ಮೇಲಧಿಕಾರಿಯ ಲಿಖಿತ ಕಾರಣ ಇರಬೇಕು. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಬಿಡ್ ಪರಿಶೀಲಿಸಿ, ಅರ್ಹರಾದವರ ಆರ್ಥಿಕ ಬಿಡ್ ಮಾತ್ರ ತೆರೆಯುತ್ತಾರೆ. ಅತಿ ಕಡಿಮೆ ದರ ನಮೂದಿಸಿದವರು ಎಲ್-1. ಅಂದಾಜಿಗಿಂತ ಬಹಳ ಕೆಳಗಿನ ದರ ಬಂದಾಗ ಹಿಗ್ಗುವ ಬದಲು ದರ ವಿಶ್ಲೇಷಣೆ ಕೇಳಿ, ಹೆಚ್ಚುವರಿ ಭದ್ರತಾ ಠೇವಣಿ ಪಡೆಯುವುದು ಜಾಣತನ. ತೀರ್ಮಾನದಿಂದ ಬಾಧಿತರಾದ ಟೆಂಡರುದಾರರು ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದಡಿ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಟೆಂಡರ್ ಇಲ್ಲದೆ ಕೆಲಸ ಕೊಡಲು ಅವಕಾಶವಾಗುವ, ಅದೇ ಕಾಯ್ದೆಯ 4(ಜಿ) ವಿನಾಯಿತಿಯನ್ನು ಜಂಕ್ಷನ್ ಸುಧಾರಣೆಯಂತಹ ಮುಂಚಿತವಾಗಿ ಯೋಜಿಸಬಹುದಾದ ಕೆಲಸಕ್ಕೆ ಬಳಸಲು ಕಾರಣವೇ ಇಲ್ಲ.

ಹಂತ 7: ಕಾರ್ಯಾದೇಶದ (ಕೆಲಸ ಆರಂಭಿಸುವ ಆದೇಶದ) ನಂತರ

ಕೆಲಸ ನಡೆಯುವಾಗ ವಾಹನಗಳು ಎಲ್ಲಿ ಹೋಗಬೇಕು ಎಂಬ ಯೋಜನೆಯನ್ನು ಐಆರ್‌ಸಿ ಎಸ್‌ಪಿ 55ರ ಮಾರ್ಗಸೂಚಿಯಂತೆ ಗುತ್ತಿಗೆದಾರರು ಸಿದ್ಧಪಡಿಸಿ ಸಂಚಾರ ಪೊಲೀಸರಿಂದ ಒಪ್ಪಿಗೆ ಪಡೆಯಬೇಕು. ಒಂದು ಬಾರಿಗೆ ಒಂದು ಮೂಲೆಯನ್ನಷ್ಟೇ ಅಗೆಯುವುದು, ಅದನ್ನು ಮುಚ್ಚಿದ ಬಳಿಕ ಮುಂದಿನದು ಎಂಬ ಕ್ರಮ ಕರಾರಿನಲ್ಲಿ ಇದ್ದರೆ ಮಾತ್ರ ಪಾಲನೆಯಾಗುತ್ತದೆ. ಮಳೆಗಾಲದಲ್ಲಿ ಡಾಂಬರು ಕೂರುವುದಿಲ್ಲವಾದ್ದರಿಂದ ಕಾರ್ಯಾದೇಶದ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಆದೇಶ ಕೊಟ್ಟು ಜೂನ್‌ನಲ್ಲಿ ಕೆಸರು ನೋಡುವುದು ನಮ್ಮ ನಗರಗಳಲ್ಲಿ ಹೊಸದೇನಲ್ಲ.

ಆದ ಕೆಲಸವನ್ನು ಎಂಜಿನಿಯರ್ ಅಳತೆ ಪುಸ್ತಕದಲ್ಲಿ (ಎಂಬಿ) ದಾಖಲಿಸಿದ ಮೇಲೆ ಬಿಲ್ ಆಗುತ್ತದೆ. ಮುಚ್ಚಿಹೋಗುವ ಪದರಗಳನ್ನು, ಅಂದರೆ ಜಲ್ಲಿ, ಕೊಳವೆ, ಕಬ್ಬಿಣದ ಸರಳು ಇವುಗಳನ್ನು ಮುಚ್ಚುವ ಮೊದಲೇ ಅಳೆದು ಚಿತ್ರ ತೆಗೆದಿರಬೇಕು. ಬಿಲ್ ಪಾವತಿ ತಡವಾದರೆ ಗುತ್ತಿಗೆದಾರರು ಆಳುಗಳನ್ನು ಬೇರೆಡೆಗೆ ಕಳುಹಿಸುತ್ತಾರೆ. ಹಣ ಕಾದಿರಿಸದೆ ಟೆಂಡರ್ ಕರೆದ ಪಾಲಿಕೆ ಅವರನ್ನು ದೂರಿ ಪ್ರಯೋಜನವಿಲ್ಲ.

ಹಂತ 8: ಮತ್ತೆ ಎಣಿಸುವುದು

ಕೆಲಸ ಮುಗಿದ ಮೇಲೆ ಮೊದಲಿನ ಸಮೀಕ್ಷೆಯನ್ನು ಅದೇ ಸ್ಥಳದಲ್ಲಿ, ಅದೇ ವೇಳೆಯಲ್ಲಿ ಇನ್ನೊಮ್ಮೆ ನಡೆಸಿ ಕಾಯುವ ಸಮಯ ಎಷ್ಟು ತಗ್ಗಿತು ಎಂದು ನೋಡಬೇಕು. ಇದಕ್ಕೆ ತಗಲುವ ಖರ್ಚನ್ನು ಮೊದಲೇ ಡಿಪಿಆರ್‌ನಲ್ಲಿ ಸೇರಿಸದಿದ್ದರೆ ಯಾರೂ ಮಾಡುವುದಿಲ್ಲ. ದೋಷ ಹೊಣೆಗಾರಿಕೆಯ ಅವಧಿಯಲ್ಲಿ ಕುಸಿದ ಕಲ್ಲು, ಅಳಿಸಿದ ಗುರುತು, ನಿಂತ ನೀರು ಎಲ್ಲವನ್ನೂ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಿದ್ದು, ಅವಧಿ ಮುಗಿಯುವ ದಿನಾಂಕವನ್ನು ಸ್ಥಳದಲ್ಲಿಯೇ ಫಲಕ ಹಾಕಿ ತಿಳಿಸಿದರೆ ದೂರು ಸಕಾಲದಲ್ಲಿ ಬರುತ್ತದೆ. ಫಲಕ ಇಲ್ಲದ ಕಡೆ ಕರಾರಿನ ಪ್ರತಿ, ಬಿಒಕ್ಯು ಮತ್ತು ಅಳತೆ ಪುಸ್ತಕದ ಪುಟಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದ ಅರ್ಜಿ ಸಲ್ಲಿಸಿ ಕೇಳಬಹುದು. ಕಾರ್ಯಪಾಲಕ ಎಂಜಿನಿಯರ್ ಕಚೇರಿಯ ಮಾಹಿತಿ ಅಧಿಕಾರಿ 30 ದಿನಗಳೊಳಗೆ ಉತ್ತರಿಸಬೇಕು.