ನಲವತ್ತು ಕಿಲೋ ಇಳಿದ ಮೇಲೆ ಉಳಿದ ಚರ್ಮ: ನನ್ನ ಅನುಭವ

"ಆಪರೇಷನ್ ಮಾಡಿಸದೆ ಈ ಜೋತ ಚರ್ಮ ಸರಿ ಹೋಗುವುದಿಲ್ಲ" ಎಂದು ಹೇಳಿದವರಲ್ಲಿ ಜಿಮ್ಮಿನ ಹುಡುಗ ಇದ್ದ, ಸ್ಟಾಫ್ ರೂಮಿನವರು ಇದ್ದರು, ನಮ್ಮ ಅತ್ತಿಗೆಯೂ ಇದ್ದರು. ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಾವ ಎಫ್‌ಡಿ ಮುರಿಸಬೇಕು ಎಂದು ಲೆಕ್ಕ ಹಾಕತೊಡಗಿದ್ದರು. ಈಗ ಅದೇ ಅತ್ತಿಗೆ ನನ್ನ ಟೈಲರ್ ನಂಬರ್ ಕೇಳಿ ಇಸ್ಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೂಕ ಹೇಗೆ ಇಳಿಸಿದೆ ಅನ್ನುವುದು ಇಲ್ಲಿ ಬೇಡ. ಇದನ್ನು ಓದುವವರಿಗೆ ಆ ದಾರಿ ಗೊತ್ತೇ ಇರುತ್ತದೆ. 104ರ ಹತ್ತಿರ ಇದ್ದವಳು ಎರಡು ವರ್ಷ ಚಿಲ್ಲರೆಯಲ್ಲಿ 64ಕ್ಕೆ ಬಂದೆ. ಆಗ ವಯಸ್ಸು 49, ಮುಟ್ಟು ನಿಲ್ಲುವ ಹೊತ್ತು. ಇಪ್ಪತ್ತೈದರ ಹುಡುಗಿಯರ ಚರ್ಮ ಒಂದಷ್ಟು ತಾನಾಗಿಯೇ ಎಳೆದುಕೊಳ್ಳುತ್ತದೆ. ನಮ್ಮದು ಹಾಗಲ್ಲ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜನ್ (ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್) ಮೂರರಲ್ಲಿ ಒಂದು ಪಾಲಿನಷ್ಟು ಹೋಗಿಬಿಡುತ್ತದಂತೆ.

ನನ್ನ ಊರು ಕುಂದಾಪುರದ ಹತ್ತಿರ, ಕೆಲಸ ಹೈಸ್ಕೂಲ್ ಟೀಚರ್, ದಿನಾ ಸೀರೆ. ಈ ಮೂರನ್ನು ನೆನಪಿಟ್ಟುಕೊಳ್ಳಿ. ಬಯಲುಸೀಮೆಯ ಒಣ ಹವೆಯಲ್ಲಿ ಪ್ಯಾಂಟ್ ಹಾಕಿಕೊಂಡು ಎಸಿ ಆಫೀಸಿನಲ್ಲಿ ಕೂರುವವರಿಗೆ ನನ್ನ ಅರ್ಧ ಕಷ್ಟ ಬರುವುದೇ ಇಲ್ಲ.

ಹೊಟ್ಟೆಯ ಚರ್ಮ ತೊಡೆಯ ಸಂದಿನ ತನಕ ಇಳಿದಿತ್ತು. ಮಗ್ಗುಲಾದರೆ ಅದು ನನಗಿಂತ ಮೊದಲೇ ಹಾಸಿಗೆ ಮುಟ್ಟುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಕೈ ನಿಂತರೂ ತೋಳಿನ ಕೆಳಗಿನ ಚರ್ಮ ಇನ್ನೂ ಎರಡು ಸಲ ಆಡಿ ಆಮೇಲೆ ನಿಲ್ಲುತ್ತಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಷ್ಟು ಸಾಕಲ್ವಾ?

ಮೊದಲ ವರ್ಷ ದುಡ್ಡು ಹೋದ ದಾರಿ ಹೇಳುತ್ತೇನೆ. ಚರ್ಮ ಬಿಗಿ ಮಾಡುವ ಕ್ರೀಮುಗಳಿಗೆ ಏಳೆಂಟು ಸಾವಿರ. ಹಚ್ಚಿದ ದಿನ ಚರ್ಮ ಮೆತ್ತಗಾಯಿತು, ಅಷ್ಟೇ. ಕೊಲಾಜನ್ ಪೌಡರ್ ತಿಂಗಳಿಗೆ ಸಾವಿರದ ಎಂಟುನೂರರಂತೆ ನಾಲ್ಕೈದು ತಿಂಗಳು. ಉಗುರು ಚೆನ್ನಾಯಿತು ಎಂದು ಮಗಳು ಹೇಳಿದಳು, ಹೊಟ್ಟೆಗೆ ಏನೂ ಗೊತ್ತಾಗಲಿಲ್ಲ. ಮಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ರೇಡಿಯೋ ಫ್ರೀಕ್ವೆನ್ಸಿ ಪ್ಯಾಕೇಜ್ (ಯಂತ್ರದಿಂದ ಚರ್ಮಕ್ಕೆ ಬಿಸಿ ಕೊಟ್ಟು ಬಿಗಿ ಮಾಡುವುದು), ನಲವತ್ತು ಸಾವಿರ. ಬಸ್ಸು, ಊಟ, ರಜೆ ಬೇರೆ. ಗದ್ದದ ಕೆಳಗೆ ಸ್ವಲ್ಪ ಹಿಡಿತ ಬಂದಂತೆ ಕಂಡಿತು. ಆ ಯಂತ್ರ ಸಣ್ಣಪುಟ್ಟ ಸಡಿಲಕ್ಕೆ ಇರುವುದು. ನಲವತ್ತು ಕಿಲೋ ಹೊತ್ತು ಹಿಗ್ಗಿದ ಹೊಟ್ಟೆಗೆ ಅದು ಎಂತಕ್ಕೂ ಸಾಲದು. ಅದನ್ನು ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಯಾರೂ ಹೇಳುವುದಿಲ್ಲ. ಬೆವರಿಸುವ ರಬ್ಬರ್ ಬೆಲ್ಟ್ ಇನ್ನೊಂದು ಸಾವಿರ. ಅದು ಕೊಟ್ಟದ್ದು ತುರಿ ಮಾತ್ರ.

ತುರಿಯ ಕಥೆಯೇ ದೊಡ್ಡದು. ಹೊಟ್ಟೆಯ ಮಡಿಕೆಯೊಳಗೆ ಕೆಂಪಾಗಿ, ಒದ್ದೆಯಾಗಿ, ವಾಸನೆ ಬರತೊಡಗಿತು. ಪೌಡರ್ ಹಾಕಿದರೆ ಬೆವರು ಸೇರಿ ನೀರುದೋಸೆ ಹಿಟ್ಟಿನ ಹಾಗೆ ಆಗುತ್ತಿತ್ತು. ತೆಂಗಿನೆಣ್ಣೆ ಕೈಕಾಲಿಗೆ ಒಳ್ಳೆಯದೇ, ಆದರೆ ಮಡಿಕೆಯೊಳಗೆ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ತುರಿಗೆ ಅಂತ ಕೇಳಿದರೆ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನದಲ್ಲಿ ಮಾಯ. ನಿಲ್ಲಿಸಿದ ವಾರಕ್ಕೆ ಡಬಲ್ ಆಗಿ ವಾಪಸ್, ಅಂಚು ಉಂಗುರದ ಹಾಗೆ ತೊಡೆಗೂ ಇಳಿಯಿತು. ಚರ್ಮದ ಡಾಕ್ಟರಮ್ಮ ಟ್ಯೂಬ್ ತಿರುಗಿಸಿ ನೋಡಿದವರೇ ಕಸದ ಬುಟ್ಟಿಗೆ ಹಾಕಿದರು. ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಅದು. ನಮ್ಮ ದೇಶದಲ್ಲಿ ಹಠಮಾರಿ ಗಜಕರ್ಣ ಇಷ್ಟು ಹೆಚ್ಚಲು ಇಂಥ ಟ್ಯೂಬುಗಳೂ ಒಂದು ಕಾರಣ ಎಂದರು. ಸಕ್ಕರೆ ಟೆಸ್ಟ್ ಬರೆದರು (ಮಡಿಕೆಯಲ್ಲಿ ಪದೇ ಪದೇ ಫಂಗಸ್ ಬಂದರೆ ಅದನ್ನು ನೋಡಲೇಬೇಕು), ಮಾತ್ರೆ ಕೊಟ್ಟರು. ಪೂರ್ತಿ ಹೋಗಲು ಎರಡು ತಿಂಗಳಾದರೂ ಹಿಡಿಯಿತು.

ಮತ್ತೆ ಬರದ ಹಾಗೆ ನೋಡಿಕೊಂಡದ್ದು ಮಾತ್ರ ಒಂದು ತುಂಡು ಹಳೆ ಪಂಚೆ. ಯಜಮಾನರ ಸವೆದ ಮಲ್ ಪಂಚೆಯನ್ನು ಗೇಣಗಲದ ಪಟ್ಟಿಗಳಾಗಿ ಹರಿದೆ. ಸ್ನಾನದ ನಂತರ ಮಡಿಕೆ ಎತ್ತಿ, ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ (ಕರೆಂಟ್ ಇಲ್ಲದಿದ್ದರೆ ಕಿಟಕಿಯ ಗಾಳಿಗೆ) ಐದು ನಿಮಿಷ ಮಲಗಿ, ಆಮೇಲೆ ಒಂದೇ ಪದರ ಪಟ್ಟಿ ಒಳಗಿಡುವುದು. ಗುಟ್ಟು ಎಂದರೆ ಪಟ್ಟಿಯ ಒಂದು ಅಂಚು ಎರಡು ಇಂಚಿನಷ್ಟು ಮಡಿಕೆಯಿಂದ ಹೊರಗೆ ಇರಬೇಕು. ಆಗ ಬೆವರು ಬಟ್ಟೆ ಹತ್ತಿ ಹೊರಬಂದು ಆರುತ್ತದೆ. ಪೂರ್ತಿ ಒಳಗೆ ತುರುಕಿದರೆ ಒದ್ದೆ ಬಟ್ಟೆ ಒಳಗೇ ಕುಳಿತು ಇನ್ನೂ ಕೆಡಿಸುತ್ತದೆ. ಮಧ್ಯಾಹ್ನದ ಬೆಲ್ಲಿಗೆ ಒಮ್ಮೆ ಬದಲಾಯಿಸುತ್ತೇನೆ. ಶಾಲೆಯ ಬ್ಯಾಗಿನಲ್ಲಿ ಜಿಪ್ ಕವರ್ ಯಾವಾಗಲೂ ಇರುತ್ತದೆ. ಖರ್ಚು ಸೊನ್ನೆ. ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿಟ್ಟು ಒಣಗಿಸುವುದನ್ನೂ ಮಾಡಿ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಬೆಳಿಗ್ಗೆ ಆರೂವರೆಗೆ ನಮ್ಮಲ್ಲಿ ಕರೆಂಟ್ ಇದ್ದರೆ ತಾನೇ!

ಒಣಗಿದ ಮೇಲೆ ಮುಂದಿನದು ತುಂಬಿಸುವ ಕೆಲಸ. ಕೊಬ್ಬು ಹೋದ ಜಾಗಕ್ಕೆ ಸ್ನಾಯು ಬಂದರೆ ಚರ್ಮಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಜಿಮ್ಮಿನ ಹುಡುಗ ನನಗೆ ಟ್ರೆಡ್‌ಮಿಲ್ ಮತ್ತು ಒಂದೂವರೆ ಕಿಲೋ ಗುಲಾಬಿ ಡಂಬೆಲ್ ಕೊಟ್ಟು ಕೂರಿಸಿದ್ದ. "ಆಂಟಿ, ನಿಮ್ಮ ವಯಸ್ಸಿಗೆ ಇದು ಸಾಕು" ಎಂದ. ಅವನನ್ನು ಬಿಟ್ಟೆ. ಮನೆಯಲ್ಲೇ ಡಂಬೆಲ್, ರಾಡು, ಪ್ಲೇಟು ಹಳೆಯದು ಕೊಂಡು, ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಸಿದೆ. ವಾರಕ್ಕೆ ಮೂರು ದಿನ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ರೋ (ಬಗ್ಗಿ ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲೆ ಎತ್ತುವುದು). ಈಗ ಡೆಡ್‌ಲಿಫ್ಟ್ 60 ಕಿಲೋ ಎತ್ತುತ್ತೇನೆ. ಹೆಚ್ಚುಕಡಿಮೆ ನನ್ನದೇ ತೂಕ. ನಮ್ಮ ಪಿಟಿ ಮೇಷ್ಟ್ರಿಗೆ ಆಗುವುದಿಲ್ಲ, ಕೇಳಿ ನೋಡಿದ್ದೇನೆ.

ಊಟದಲ್ಲಿ ಬದಲಾದದ್ದು ಪ್ರೋಟೀನ್ ಮಾತ್ರ. ದಿನಕ್ಕೆ 80 ಗ್ರಾಂ ಆಸುಪಾಸು. ಎರಡು ಮೂರು ಮೊಟ್ಟೆ, ಮಧ್ಯಾಹ್ನ ಮೀನು, ಸಂಜೆ ಹುರುಳಿಯೋ ಕಡಲೆಯೋ, ಮೊಸರು. ಬಂಗುಡೆ ಅಗ್ಗ ಇರುವ ತಿಂಗಳಲ್ಲಿ ಪೌಡರ್ ಡಬ್ಬ ಯಾಕೆ ಬೇಕು?

ತೋಳಿಗೆ ಇದರಿಂದ ಚೆನ್ನಾಗಿ ಆಯಿತು. ಮೊದಲು ನಾಲ್ಕು ಬೆರಳು ಜೋತಿದ್ದದ್ದು ಒಂದೂವರೆ ವರ್ಷಕ್ಕೆ ಎರಡು ಎರಡೂವರೆ ಬೆರಳಿಗೆ ಬಂತು. ಹಿಂಬದಿ ಮತ್ತು ತೊಡೆಯ ಹೊರಭಾಗ ಇನ್ನೂ ಚೆನ್ನಾಗಿ ತುಂಬಿತು. ತೊಡೆಯ ಒಳಬದಿ ಪರವಾಗಿಲ್ಲ. ಹೊಟ್ಟೆ ಮಾತ್ರ ಜಗ್ಗಲಿಲ್ಲ. ಎಷ್ಟು ಪ್ಲ್ಯಾಂಕ್ ಮಾಡಿದರೂ ಸ್ನಾಯು ಒಳಗೆ, ಚರ್ಮ ಹೊರಗೆ, ಒಂದಕ್ಕೊಂದು ಸಂಬಂಧವೇ ಇಲ್ಲ.

ಆಗ ಸರ್ಜನ್ ಹತ್ತಿರವೂ ಹೋದೆ. ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಸೊಂಟದ ಒಂದು ಮೂಳೆಯಿಂದ ಇನ್ನೊಂದರ ತನಕ ಗೆರೆ ಉಳಿಯುತ್ತದೆ, ಗಾಯದ ನೀರು ಹೊರಹೋಗಲು ಕೆಲವು ದಿನ ಡ್ರೈನ್ ಟ್ಯೂಬ್ ಇರುತ್ತದೆ, ಆರು ವಾರ ಭಾರ ಎತ್ತುವ ಹಾಗಿಲ್ಲ, ತೂಕ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು ಎಂದರು. ಹೊಟ್ಟೆಗೆ ಮಾತ್ರ ಎರಡೂಕಾಲು ಲಕ್ಷ, ತೋಳು ಬೇಕಾದರೆ ಮೇಲೊಂದು ಲಕ್ಷ. ಇನ್ಶೂರೆನ್ಸ್‌ನವರು ಪಾಲಿಸಿಯ ಎಕ್ಸ್‌ಕ್ಲೂಷನ್ 08 (ದುಡ್ಡು ಕೊಡದ ಚಿಕಿತ್ಸೆಗಳ ಪಟ್ಟಿಯ ಒಂದು ಸಾಲು) ತೋರಿಸಿದರು: ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿ. ಆ ಸಾಲನ್ನು ಕೊನೆಯ ತನಕ ಓದಿ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ, ಚಿಕಿತ್ಸೆ ಅಗತ್ಯ ಎಂದು ಡಾಕ್ಟರ್ ಬರೆದುಕೊಟ್ಟರೆ ವಿನಾಯಿತಿ ಇದೆ. ಮಡಿಕೆಯ ಹುಣ್ಣಿನ ಫೋಟೋ, ಚೀಟಿ, ಬಿಲ್ಲು ಎಲ್ಲ ತಾರೀಖು ಸಮೇತ ಎತ್ತಿಡಿ. ಕೊಟ್ಟೇ ಕೊಡುತ್ತಾರೆ ಎನ್ನುವುದಿಲ್ಲ, ಆದರೆ ಕೇಳಲು ಕೈಯಲ್ಲಿ ಏನಾದರೂ ಇರಬೇಕು. ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಮಾಡಿಸಿಕೊಂಡಳು, ಖುಷಿಯಾಗಿದ್ದಾಳೆ. ನನಗೆ ಮಗಳ ಕಾಲೇಜು ಫೀಸ್ ಕಣ್ಣ ಮುಂದೆ ಇತ್ತು.

ಹಾಗಾಗಿ ಹೊಟ್ಟೆಯ ಚರ್ಮ ಕುಗ್ಗಿಸುವ ಯೋಚನೆಯನ್ನೇ ಬಿಟ್ಟೆ. ಅದು ಇರುವುದಾದರೆ ಇರಲಿ, ಕೂರಲು ಒಂದು ಜಾಗ ಕೊಡೋಣ ಎಂದು ಹೊರಟೆ.

ಸೀರೆಯವರಿಗೆ ನಿಜವಾದ ಶತ್ರು ಒಳಲಂಗದ ಲಾಡಿ. ಮಡಿಕೆಯ ಮೇಲೆ ಕಟ್ಟಿದರೆ ಕೆಳಗಿನದು ಉಬ್ಬುತ್ತದೆ. ಕೆಳಗೆ ಕಟ್ಟಿದರೆ ಚರ್ಮ ಲಾಡಿಯ ಮೇಲೆ ಬಿದ್ದು ದಿನವಿಡೀ ಉಜ್ಜುತ್ತದೆ. ಹಳೆಯ ಟೀಚರುಗಳ ಸೊಂಟದಲ್ಲಿ ಕಪ್ಪು ಗೆರೆ ನೋಡಿದ್ದೀರಲ್ಲ, ಅದು ಲಾಡಿ ಕೊಯ್ದದ್ದು. ಅಲ್ಲಿ ವರ್ಷಗಟ್ಟಲೆ ಮಾಯದ ಹುಣ್ಣಾದರೆ ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗುವುದುಂಟು. ಡಾಕ್ಟರುಗಳು ಅದನ್ನು ಸೀರೆ ಕ್ಯಾನ್ಸರ್ ಅಂತಲೇ ಕರೆಯುತ್ತಾರೆ. ಅಂಗಡಿಯ ಸೀರೆ ಶೇಪ್‌ವೇರ್ (ಮೈಗೆ ಬಿಗಿಯಾಗಿ ಕೂರುವ ರೆಡಿಮೇಡ್ ಒಳಲಂಗ) ಎರಡು ತಂದೆ, ಒಂಬೈನೂರು ಚಿಲ್ಲರೆ ಒಂದೊಂದಕ್ಕೆ. ಮೇಲಂಚು ಎರಡನೇ ಪೀರಿಯಡ್ಡಿಗೇ ಸುರುಳಿ ಸುತ್ತಿ ಕೆಳಗೆ ಬಂತು. ಬಟ್ಟೆ ಪೂರ್ತಿ ನೈಲಾನ್, ಏಪ್ರಿಲಿನಲ್ಲಿ ಅದರೊಳಗೆ ಬೆಂದೇ ಹೋಗುತ್ತೇವೆ. ಅದರ ಅಳತೆ ದಪ್ಪ ಇರುವವರಿಗೆ. ದಪ್ಪ ಹೋಗಿ ಚರ್ಮ ಮಾತ್ರ ಉಳಿದವರಿಗಲ್ಲ.

ಚರ್ಮ ಎತ್ತಿ ಹಿಡಿಯುವಂಥ ಒಳಲಂಗ ಹೊಲಿದುಕೊಡಿ ಎಂದು ನಮ್ಮ ಟೈಲರ್ ಅಕ್ಕನಿಗೆ ಹೇಳಿದೆ. "ಎಂತ ಟೀಚರ್, ಒಳಲಂಗಕ್ಕೆ ಇಷ್ಟು ನಾಟಕವಾ?" ಎಂದು ನಕ್ಕರು. ಮೊದಲ ಮೂರು ನಾಲ್ಕು ಪೀಸ್ ಕೆಟ್ಟವು. ಒಂದು ಉಸಿರು ಕಟ್ಟಿಸಿತು, ಒಂದು ಕೂತಾಗ ಸೀಳಿತು. ಸರಿಹೋದದ್ದು ಅಳತೆ ತೆಗೆಯುವ ರೀತಿ ಬದಲಿಸಿದ ಮೇಲೆ. ನಿಂತಾಗ ತೆಗೆದ ಅಳತೆ ಸುಳ್ಳು, ಯಾಕೆಂದರೆ ಚರ್ಮ ಕೆಳಗೆ ಇಳಿದಿರುತ್ತದೆ. ಚಾಪೆಯ ಮೇಲೆ ಅಂಗಾತ ಮಲಗಿ, ಚರ್ಮವನ್ನು ಕೈಯಿಂದ ಮೇಲಕ್ಕೆ ಸರಿಸಿ, ಆಮೇಲೆ ಟೇಪ್ ಹಿಡಿಸಿದೆ. ಎರಡು ಅಳತೆಗೂ ಐದಾರು ಇಂಚು ವ್ಯತ್ಯಾಸ ಬಂತು.

ಲಂಗದ ಕೆಳಭಾಗ ಮಾಮೂಲಿ ಪಾಪ್ಲಿನ್. ಮೇಲೆ ಹೊಕ್ಕುಳಿನಿಂದ ಒಂದು ಗೇಣು ಕೆಳಗಿನ ತನಕ ಲೈಕ್ರಾ (ರಬ್ಬರಿನಂತೆ ಹಿಗ್ಗುವ ನೂಲು) ಬೆರೆತ ಹತ್ತಿ ಹೊಸಿಯರಿ ಬಟ್ಟೆಯ ಪಟ್ಟಿ. ಮುಂದೆ ಎರಡು ಪದರ, ಹಿಂದೆ ಒಂದು. ಲಾಡಿ ಇಲ್ಲ, ಎಡಗಡೆ ಮೂರು ಸಾಲು ಹುಕ್ಕು. ಹೊಲಿಗೆಯ ಅಂಚು ಹೊರಮುಖ ಇರಬೇಕು, ಒಳಗೆ ಬಂದರೆ ಗೀರುತ್ತದೆ. ಹಾಕಿಕೊಳ್ಳುವುದೂ ಮಲಗಿಯೇ. ಕಾಲಿನಿಂದ ಏರಿಸಿ, ಚರ್ಮ ಎತ್ತಿ ಪಟ್ಟಿಯೊಳಗೆ ಕೂರಿಸಿ, ಹುಕ್ಕು ಹಾಕಿ, ಆಮೇಲೆ ಏಳುವುದು. ಪಟ್ಟಿಯನ್ನು ಮೈ ಅಳತೆಗಿಂತ ಎಷ್ಟು ಇಂಚು ಕಡಿಮೆ ಕತ್ತರಿಸಬೇಕು, ಮುಂದಿನ ಎರಡು ಪದರದಲ್ಲಿ ಒಂದನ್ನು ಯಾವ ದಿಕ್ಕಿಗೆ ತಿರುಗಿಸಿ ಹೊಲಿಯಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಕ್ಕನ ಹೊಟ್ಟೆಪಾಡು. ಈಗ ಅವರು ಇದಕ್ಕೆ ಬೇರೆ ರೇಟು ಇಟ್ಟಿದ್ದಾರೆ. ನನಗೆ ಮಾತ್ರ ಹಳೆ ರೇಟು, ಬಟ್ಟೆ ಸೇರಿ 450.

ಸೀರೆಯ ನೆರಿಗೆ ಈಗ ನೇರ ಇಳಿಯುತ್ತದೆ. ಐದು ಪೀರಿಯಡ್ ನಿಂತರೂ ಕೆಳಬೆನ್ನು ನೋಯುವುದಿಲ್ಲ. ಆ ಚರ್ಮದ ಭಾರ ಬೆನ್ನನ್ನು ಎಷ್ಟು ಎಳೆಯುತ್ತಿತ್ತು ಎಂದು ಗೊತ್ತಾದದ್ದೇ ಆಗ. ಸ್ಕ್ವಾಟ್ ಮಾಡುವಾಗ ಇದೇ ಪಟ್ಟಿಯನ್ನು ಲಂಗ ಇಲ್ಲದೆ ಬರೀ ನಡುಪಟ್ಟಿಯಾಗಿ ಹೊಲಿಸಿ ಹಾಕುತ್ತೇನೆ, ಇಲ್ಲದಿದ್ದರೆ ಚರ್ಮ ಕುಲುಕಿ ಉರಿಯುತ್ತದೆ. ರಾತ್ರಿ ಮಾತ್ರ ಪೂರ್ತಿ ಬಿಚ್ಚಿ ಗಾಳಿಗೆ ಬಿಡಬೇಕು.

ರವಿಕೆಯಲ್ಲೂ ಕೈ ಆಡಿಸಿದೆವು. ತೋಳನ್ನು ಕ್ರಾಸ್‌ನಲ್ಲಿ ಕತ್ತರಿಸಿ ಮೊಣಕೈ ತನಕ ಇಳಿಸಿದರೆ ಚರ್ಮ ಅಂಚಿನಲ್ಲಿ ಉಬ್ಬಿ ನಿಲ್ಲುವುದಿಲ್ಲ. ಸಣ್ಣ ತೋಳಿನ ಆಸೆ ಇರುವವರಿಗೆ ನನ್ನ ಹತ್ತಿರ ಉಪಾಯವಿಲ್ಲ.

ಬೋರಿಕ್ ಪೌಡರ್, ಅರಿಶಿನ ಲೇಪ, ಐಸ್ ಉಜ್ಜುವುದು, ಎಳ್ಳೆಣ್ಣೆ ಮಾಲೀಷು ಇವನ್ನೂ ಸುಮ್ನೆ ಮಾಡಿ ನೋಡಿದ್ದೇನೆ. ಮಾಲೀಷಿನಿಂದ ನಿದ್ದೆ ಚೆನ್ನಾಗಿ ಬಂತು. ಅರಿಶಿನದಿಂದ ಬಿಳಿ ಲಂಗ ಹಾಳಾಯಿತು. ಮಡಿಕೆಯಲ್ಲಿ ಕೀವು, ಜ್ವರ, ಬಿಸಿಯಾಗಿ ಹರಡುವ ಕೆಂಪು ಕಂಡರೆ ಮಾತ್ರ ಇಂಥ ಯಾವ ಪ್ರಯೋಗವೂ ಬೇಡ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಹೊಲಿಸುವುದಾದರೆ ಒಂದೆರಡು ಸಾಲದು. ನಮ್ಮ ಮಳೆಗಾಲದಲ್ಲಿ ಲೈಕ್ರಾ ಪಟ್ಟಿ ಒಣಗಲು ಎರಡು ದಿನ ಬೇಕು, ಅರೆಒದ್ದೆ ಹಾಕಿದರೆ ಫಂಗಸ್ ಗ್ಯಾರಂಟಿ. ನನ್ನ ಬಳಿ ಆರು ಇವೆ, ಇಸ್ತ್ರಿ ಬೇಡ, ಬಿಸಿನೀರೂ ಬೇಡ. ಏಪ್ರಿಲ್ ಒಳಗೇ ಕೊಟ್ಟುಬಿಡಿ. ಮೇ ಕೊನೆಯಿಂದ ಯೂನಿಫಾರ್ಮ್ ಸೀಸನ್ ಶುರು, ಆಮೇಲೆ ಯಾವ ಟೈಲರೂ ಕೈಗೆ ಸಿಗುವುದಿಲ್ಲ.